ತಾಳಕ್ಕೆ ಸೇರದ ಒಂದು ದಬ್

ಮುಂದಿನವರು ಬನ್ನಿ ಎನ್ನುವ ಹಸಿರು ಬಲ್ಬು ಹತ್ತಬೇಕಿತ್ತು. ಹತ್ತಲಿಲ್ಲ.

ಬ್ಯಾಂಡಿನ ಆಡಿಷನ್ನಿಗೆ ಬಂದು ಬೆಂಚಿನ ಮೇಲೆ ಕೂತಿದ್ದ ಮೂರನೇ ನಂಬರಿನಾಕೆ ಗೋಡೆ ಗಡಿಯಾರ ನೋಡಿದಳು. ಎರಡು ಗಂಟೆ ಹತ್ತು ನಿಮಿಷ. ವಿರಾಮ ಮುಗಿದು ಆಗಲೇ ಐದು ನಿಮಿಷವಾಗಿತ್ತು. ಕೈಯಲ್ಲಿದ್ದ ಡ್ರಮ್ ಕೋಲುಗಳು ಬೆವರಿಗೆ ಜಾರುತ್ತಿದ್ದವು. ಅವಳು ಹನ್ನೊಂದು ವರ್ಷದಿಂದ ಪೊಲೀಸ್ ಪೇದೆ. ಲಾಠಿ ಹಿಡಿದು ಒಂದು ದಿನವೂ ಬೆವರದ ಕೈ ಇವತ್ತು ಎರಡು ಕಡ್ಡಿ ಹಿಡಿದು ಬೆವರುತ್ತಿತ್ತು. ಅಮ್ಮನಿಗೆ ಹುಷಾರಿಲ್ಲ ಎಂದು ಸಾಹೇಬರಿಗೆ ಸುಳ್ಳು ಹೇಳಿ ರಜೆ ಹಾಕಿ ಬಂದಿದ್ದಳು. ಅಮ್ಮ ಗುಂಡುಕಲ್ಲಿನ ಹಾಗೆ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದಳು, ಪಾಪ.

ಅಷ್ಟರಲ್ಲಿ ಓಣಿಯ ತಿರುವಿನ ಆಚೆಯಿಂದ ಕಿರುಚು ಕೇಳಿಸಿತು.

"ಅಯ್ಯೋ! ಯಾರಾದ್ರೂ ಬನ್ರೀ! ಇವ್ರು ಮಾತಾಡ್ತಿಲ್ಲ!"

ಪೇದೆ ಎದ್ದು ಓಡಿದಳು. ಕಿರುಚು ಕೇಳಿದರೆ ಲೋಕವೆಲ್ಲ ಒಂದು ಹೆಜ್ಜೆ ಹಿಂದೆ ಇಟ್ಟರೆ ಪೊಲೀಸರ ಕಾಲು ಒಂದು ಹೆಜ್ಜೆ ಮುಂದೆ ಇಡುತ್ತದೆ. ಅಭ್ಯಾಸಬಲ, ಅಷ್ಟೇ.

ಬ್ಯಾಂಡಿನ ಯಜಮಾನ ತನ್ನ ಕೋಣೆಯ ನೆಲದ ಮೇಲೆ ಬಿದ್ದಿದ್ದ. ಆಳೆತ್ತರದ ಸ್ಪೀಕರ್ ಪಕ್ಕದಲ್ಲಿ ಉರುಳಿತ್ತು. ಅದರ ಕಬ್ಬಿಣದ ಅಂಚಿಗೆ ರಕ್ತ ಮೆತ್ತಿತ್ತು. ಅವನ ಹೆಂಡತಿ, ಬ್ಯಾಂಡಿನ ಹಾಡುಗಾರ್ತಿ, ಗಂಡನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು ಕೂತಿದ್ದಳು. ಊರಿಗೆಲ್ಲ ಅವಳು ಅತ್ತಿಗೆ. ಇವತ್ತೇ ಮೊದಲ ಸಲ ಬಂದವರೂ ಅತ್ತಿಗೆ ಎಂದೇ ಕರೆಯುತ್ತಿದ್ದರು.

ಪೇದೆ ಮೂಗಿನ ಹತ್ತಿರ ಬೆರಳು ಹಿಡಿದಳು. ಉಸಿರಿತ್ತು. ರೆಪ್ಪೆ ಎತ್ತಿ ನೋಡಿದಳು. ಒಂದು ಕಣ್ಣಿನ ಪಾಪೆ ಸಣ್ಣಗಿತ್ತು, ಇನ್ನೊಂದು ಅಗಲವಾಗಿತ್ತು. ಪೊಲೀಸ್ ತರಬೇತಿಯಲ್ಲಿ ಡಾಕ್ಟರು ಬಡಬಡಿಸಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು: ಹಾಗಿದ್ದರೆ ತಲೆಯೊಳಗೆ ರಕ್ತ ಸೋರುತ್ತಿದೆ ಎಂದರ್ಥ, ಗಡಿಯಾರ ನೋಡುತ್ತ ಕೂರಬೇಡಿ.

"ಜೀವ ಇದೆ. ಆದ್ರೆ ಈಗಲೇ ಆಸ್ಪತ್ರೆಗೆ ಒಯ್ಯಬೇಕು. ಬಾಗಿಲು ತೆಗೀರಿ!"

ಸೌಂಡ್ ಮಾಮ, ಮಿಕ್ಸರ್ ಮುಂದೆ ಕೂರುವ ಬೋಳುತಲೆಯ ಮುದುಕ, ಯಜಮಾನನ ಅಂಗಿಯ ಜೇಬಿಗೆ ಕೈ ಹಾಕಿದ. ಎಡ ಜೇಬು. ಬಲ ಜೇಬು. ಪ್ಯಾಂಟಿನ ಜೇಬು.

"ಬೀಗದ ಕೈ ಇಲ್ಲ," ಅಂದ.

*

ಈ ಬೀಗದ ಕೈಯ ಕಥೆ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಜಾಗ ಒಂದು ಪೀಠೋಪಕರಣದ ಗೋದಾಮಿನ ಕೆಳಗಿನ ನೆಲಮಾಳಿಗೆ. ಮೆಟ್ಟಿಲಿಳಿದರೆ ಒಂದೇ ಒಂದು ಕಬ್ಬಿಣದ ಬಾಗಿಲು, ಒಳಮೈಗೆ ಗೇಣುದ್ದ ಸ್ಪಂಜು. ಬಾಗಿಲಿಂದ ಓಣಿ. ಓಣಿ ತಿರುಗಿದ ಕಡೆ ಶೌಚಾಲಯ, ಅದರ ಪಕ್ಕ ಯಜಮಾನನ ಕೋಣೆ. ಕೊನೆಯಲ್ಲಿ ನುಡಿಸುವ ದೊಡ್ಡ ಹಾಲು. ಹಾಲಿನಲ್ಲಿ ಮರದ ಹಲಗೆಯ ವೇದಿಕೆ, ವೇದಿಕೆಯ ಮೇಲೆ ಡ್ರಮ್ಸು, ಮುಂದೆ ಕಪ್ಪು ಪರದೆ. ನುಡಿಸುವವನ ಮುಖ ಯಾರಿಗೂ ಕಾಣಬಾರದು. ಯಜಮಾನನಂತೂ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದ. ಮುಖ ನೋಡಿದರೆ ಕಿವಿ ಲಂಚ ತಿನ್ನುತ್ತದೆ ಎನ್ನುವುದು ಅವನ ಮಾತು. ಎಲ್ಲರ ಸರದಿ ಮುಗಿಯುವವರೆಗೆ ಯಾರು ಹೇಗೆ ನುಡಿಸಿದರು ಅಂತ ಒಬ್ಬರಿಗೊಬ್ಬರು ಒಂದು ಮಾತೂ ಆಡಕೂಡದು. ಅದೂ ಅವನದೇ ಕಟ್ಟಳೆ.

ಒಂದು ಸಲ ಒಳ್ಳೆಯ ಹಾಡಿನ ನಡುವೆ ಯಾರೋ ಬಾಗಿಲು ತೆಗೆದು ರೆಕಾರ್ಡಿಂಗು ಕೆಟ್ಟಿತ್ತಂತೆ. ಅವತ್ತಿನಿಂದ ಆಡಿಷನ್ ಶುರುವಾದರೆ ಒಳಗಿನಿಂದ ಬೀಗ. ಬೀಗದ ಕೈ ಯಜಮಾನನ ಜೇಬಿಗೆ. ಮೊಬೈಲುಗಳೆಲ್ಲ ಮೇಲಿನ ಆಫೀಸಿನ ಪೆಟ್ಟಿಗೆಯಲ್ಲಿ. ಇವತ್ತು ಭಾನುವಾರ, ಗೋದಾಮಿಗೆ ರಜೆ. ಕಾವಲುಗಾರ ಬರುವುದು ನಾಲ್ಕು ಗಂಟೆಗೆ.

ಬಾಗಿಲಿಗೆ ಗ್ಯಾರೇಜು ಹೆಗಲು ಕೊಟ್ಟು ಗುದ್ದಿದ. ಗ್ಯಾರೇಜು ಅಂದರೆ ಎರಡನೇ ನಂಬರಿನ ಅಭ್ಯರ್ಥಿ, ಕಸುಬಿನಲ್ಲಿ ಮೆಕ್ಯಾನಿಕ್. ಆರಡಿ ಆಳು. ಬಾಗಿಲು ಮಿಸುಕಲಿಲ್ಲ.

"ಬಾಗಿಲಿನ ಕೀಲು ಆಚೆ ಕಡೆ ಇದೆ," ಅಂದ, ಭುಜ ನೀವಿಕೊಳ್ಳುತ್ತ. "ಇದನ್ನ ಒಡೀಬೇಕು ಅಂದ್ರೆ ಗ್ಯಾಸ್ ಕಟರ್ ಬೇಕು."

"ಕೂಗೋಣ," ಅಂದರು ಮೇಷ್ಟ್ರು. ಒಂದನೇ ನಂಬರು. ಶಾಲೆಯಲ್ಲಿ ಗಣಿತ, ಮನೆಯಲ್ಲಿ ಡ್ರಮ್ಸು.

"ಕೂಗಿ. ಗಂಟಲು ನಿಮ್ದೇ," ಅಂದ ಸೌಂಡ್ ಮಾಮ. "ಒಂದು ಸೊಳ್ಳೆ ದನೀನೂ ಹೊರಗೆ ಹೋಗಬಾರದು ಅಂತ ಕಟ್ಟಿಸಿದ ಜಾಗ ಇದು. ನಾವೇ ಹಠ ಹಿಡಿದು ಕಟ್ಟಿಸಿದ್ದು."

ಏಳು ಜನ, ಒಂದು ಬಾಗಿಲು. ಏಳರಲ್ಲಿ ಒಬ್ಬನ ಉಸಿರು ಎಳೆದೆಳೆದು ಬರುತ್ತಿತ್ತು. ಇನ್ನೊಬ್ಬರ ಹತ್ತಿರ ಬೀಗದ ಕೈ ಇತ್ತು. ಠಾಣೆಯಲ್ಲಿ ಲಾಕಪ್ಪಿನ ಹೊರಗೆ ನಿಂತೇ ಪೇದೆಗೆ ರೂಢಿ. ಒಳಗಿರುವುದು ಹೇಗಿರುತ್ತದೆ ಅಂತ ಇವತ್ತು ಗೊತ್ತಾಯಿತು.

"ಮಾಮ, ನನ್ನ ಚೀಲ ತನ್ನಿ," ಅಂದಳು ಅತ್ತಿಗೆ. "ಹಾಲಲ್ಲಿ ಕುರ್ಚಿ ಮೇಲಿದೆ. ಅದರಲ್ಲಿ ನಾಲ್ಕೈದು ಕರವಸ್ತ್ರ ಇವೆ."

ಮಾಮ ತಂದುಕೊಟ್ಟ. ಅತ್ತಿಗೆ ಜಿಪ್ಪು ಎಳೆದು ಕೈ ಹಾಕಿದಳು. ಕರವಸ್ತ್ರವೊಂದನ್ನು ತೆಗೆದು ಗಾಯಕ್ಕೆ ಒತ್ತಿದಳು. ಜಿಪ್ಪು ಮುಚ್ಚಿದಳು.

*

"ನೋಡಿ, ಬೀಗದ ಕೈ ಯಾರೋ ತಗೊಂಡಿದ್ದಾರೆ," ಅಂದರು ಮೇಷ್ಟ್ರು. "ರೆಕ್ಕೆ ಬಂದು ಹಾರಿಹೋಗಲ್ಲ. ಎಲ್ಲರ ಜೇಬು, ಚೀಲ ನೋಡೋಣ. ಮೊದಲು ಇವರದ್ದು." ಬೆರಳು ಪೇದೆಯ ಕಡೆ ತಿರುಗಿತು. "ವಿರಾಮದಲ್ಲಿ ಇವರೊಬ್ಬರೇ ಓಣಿಯಲ್ಲಿದ್ರು."

ಪೇದೆ ಬೇಡ ಅನ್ನಲಾಗಲಿಲ್ಲ. ಚೀಲ ಬೋರಲಾಯಿತು. ನೀರಿನ ಬಾಟಲಿ. ಬಾಚಣಿಗೆ. ಎರಡು ಜೊತೆ ಕೋಲು. ಕೊನೆಗೆ, ಅವಳ ಗ್ರಹಚಾರಕ್ಕೆ, ಪೊಲೀಸ್ ಗುರುತಿನ ಚೀಟಿ.

ಎಲ್ಲರೂ ಅದನ್ನೇ ನೋಡಿದರು.

"ಅರ್ಜಿಯಲ್ಲಿ ಕಸುಬು ಹೊಲಿಗೆ ಅಂತ ಬರೆದಿದ್ರಲ್ಲ!" ಅಂದ ಸೌಂಡ್ ಮಾಮ.

"ಗುಂಡಿ ಕಿತ್ತುಹೋದ್ರೆ ಹೊಲ್ಕೋತೀನಿ," ಅಂದಳು ಪೇದೆ. ಸುಳ್ಳು ಹೀಗೆ ನೆಲದ ಮೇಲೆ ಅಂಗಾತ ಬಿದ್ದ ಮೇಲೆ ಇನ್ನು ನಾಚಿಕೆ ಯಾಕೆ? ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಸರಿ. ಗೊತ್ತಾಯ್ತಲ್ಲ. ಈಗ ನಾನು ಹೇಳ್ದಂಗೆ ಕೇಳಿ. ಎಲ್ಲರೂ ಜೇಬು ಖಾಲಿ ಮಾಡಿ."

ಮೇಷ್ಟ್ರ ಜೇಬಿನಲ್ಲಿ ಸೀಮೆಸುಣ್ಣದ ತುಂಡು. ಹೆಬ್ಬೆರಳಿನಲ್ಲಿ ಹಸಿ ರಕ್ತ.

"ಇದೇನಿದು?"

"ಬೊಬ್ಬೆ ಒಡೀತು. ಒಂದು ತಿಂಗಳಿಂದ ದಿನಾ ಮೂರು ಗಂಟೆ ಅಭ್ಯಾಸ, ತಾಯಿ. ಬೇಕಾದ್ರೆ ನೋಡಿ."

ನೋಡಿದಳು. ಚರ್ಮ ಸುಲಿದಿತ್ತು. ಆದರೆ ವಿರಾಮದಲ್ಲಿ ಮೇಷ್ಟ್ರು ಅವಳ ಪಕ್ಕದಿಂದ ಎದ್ದು ಓಣಿಯ ತಿರುವಿನಾಚೆ ಹೋಗಿ ಐದಾರು ನಿಮಿಷ ಬಂದಿರಲಿಲ್ಲ. ಶೌಚಾಲಯ ಅಂದಿದ್ದರು. ಯಜಮಾನನ ಕೋಣೆಯ ಬಾಗಿಲೂ ಅಲ್ಲೇ ಇದೆ.

ಗ್ಯಾರೇಜಿನ ಜೇಬಿನಲ್ಲಿ ಒಂದು ಸ್ಪ್ಯಾನರ್.

"ಆಡಿಷನ್ನಿಗೆ ಸ್ಪ್ಯಾನರ್ ಯಾಕೆ?"

"ಅದು ನನ್ನ ಜೇಬಲ್ಲೇ ಇರುತ್ತೆ ಮೇಡಂ. ಮದುವೆ ಮನೇಗೆ ಹೋದ್ರೂ ಇರುತ್ತೆ."

"ಇವನು ಹೋದ ಸಲಾನೂ ಬಂದಿದ್ದ," ಅಂದ ಸೌಂಡ್ ಮಾಮ. "ಯಜಮಾನ್ರು ತಗೊಳ್ಲಿಲ್ಲ. ಬಾಗಿಲಲ್ಲಿ ನಿಂತು ಬಾಯಿಗೆ ಬಂದಂಗೆ ಬೈದು ಹೋಗಿದ್ದ."

"ಬೈದೆ. ಬೈದವನು ತಿರುಗಿ ಅವರ ಮುಂದೇನೇ ನುಡಿಸೋಕೆ ಬರ್ತೀನಾ ಕೊಲ್ಲೋಕೆ ಬರ್ತೀನಾ? ಸ್ವಲ್ಪ ತಲೆ ಓಡ್ಸಿ ಮಾಮ!"

ಸೌಂಡ್ ಮಾಮನ ಜೇಬಿನಲ್ಲಿ ಕನ್ನಡಕದ ಡಬ್ಬಿ, ಮಾತ್ರೆ. ಇನ್ನೊಬ್ಬ ಉಳಿದ: ಬಾಮೈದ. ಅತ್ತಿಗೆಯ ತಮ್ಮ. ಇಷ್ಟು ವರ್ಷ ಈ ಬ್ಯಾಂಡಿಗೆ ಡ್ರಮ್ಸ್ ನುಡಿಸಿದ್ದವನು ಅವನೇ. ಮುಂದಿನ ತಿಂಗಳಿಂದ ಲೆಕ್ಕಪತ್ರ, ಊರೂರು ಓಡಾಟದ ಕೆಲಸ ನೋಡಿಕೊಳ್ಳುತ್ತಾನೆ, ಅದಕ್ಕೇ ಹೊಸಬರು ಬೇಕು ಅಂತ ಬೆಳಗ್ಗೆ ಯಜಮಾನ ಹೇಳಿದ್ದ. ಬಾಮೈದ ಎಲ್ಲರಿಗೂ ನಗುನಗುತ್ತ ನಂಬರಿನ ಚೀಟಿ ಹಂಚಿದ್ದ. ಈಗ ಬರಿಗಾಲಲ್ಲಿ ನಿಂತಿದ್ದ. ಜೇಬಿನಲ್ಲಿ ಏನೂ ಇರಲಿಲ್ಲ.

ಅತ್ತಿಗೆಯ ಮೈ ಯಾರೂ ಮುಟ್ಟಲಿಲ್ಲ. ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡ ಹೆಂಗಸನ್ನು ಏಳಮ್ಮ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಕರವಸ್ತ್ರ ತೊಯ್ದು ತೊಪ್ಪೆಯಾಗಿತ್ತು. "ಇನ್ನೊಂದು ಬಟ್ಟೆ ಬೇಕು," ಅಂದು ಪೇದೆ ಅತ್ತಿಗೆಯ ಚೀಲಕ್ಕೆ ಕೈ ಚಾಚಿದಳು. ಅತ್ತಿಗೆ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು. ಹೊದ್ದಿದ್ದ ಶಾಲಿನ ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದಳು.

"ಇದು ಸಾಕು," ಅಂದಳು.

ಗಡಿಯಾರ ಎರಡು ಇಪ್ಪತ್ತೈದು ತೋರಿಸುತ್ತಿತ್ತು.

*

ಎಲ್ಲ ಹುಡುಕಿದರು. ಶೌಚಾಲಯದ ತೊಟ್ಟಿ, ಸ್ಪೀಕರಿನ ಹಿಂಭಾಗ, ಕಸದ ಬುಟ್ಟಿ. ಬೀಗದ ಕೈ ಸಿಗಲಿಲ್ಲ. ಕೊನೆಯ ಸಲ ಯಜಮಾನನ ದನಿ ಕೇಳಿದ್ದು ಒಂದು ನಲವತ್ತೈದಕ್ಕೆ, ಮೈಕಿನಲ್ಲಿ, "ಎರಡನೇ ನಂಬರು, ಶುರು ಮಾಡಿ" ಅಂತ. ಹಾಡು ಮುಗಿದದ್ದು ಒಂದು ಐವತ್ತೈದಕ್ಕೆ. ಆಮೇಲೆ ಹತ್ತು ನಿಮಿಷ ವಿರಾಮ. ವಿರಾಮದಲ್ಲಿ ಯಾರು ಎಲ್ಲಿ ಓಡಾಡಿದರೋ, ಆ ದೇವರಿಗೇ ಗೊತ್ತು. ಯಾರನ್ನು ಬೇಕಾದರೂ ಅನುಮಾನಿಸಬಹುದು. ಯಾರನ್ನೂ ಹಿಡಿಯಲಾಗದು.

"ಮೇಡಂ, ಒಂದು ಕೆಲಸ ಮಾಡ್ಲಾ?" ಅಂದ ಗ್ಯಾರೇಜು. "ದನಿ ಹೋಗದೆ ಇರಬಹುದು. ದೊಡ್ಡ ಡ್ರಮ್ಮಿನ ಏಟು ಹೋಗುತ್ತೆ. ಅದನ್ನ ಯಾವ ಗೋಡೇನೂ ತಡೆಯಲ್ಲ. ಮೇಲೆ ಯಾರಾದ್ರೂ ಇದ್ರೆ ಅಪ್ಪಿತಪ್ಪಿ ಕೇಳಿಸಬಹುದು."

"ಹೊಡಿ. ಬಿಡ್ಬೇಡ."

ಗ್ಯಾರೇಜು ಹಾಲಿಗೆ ಓಡಿದ. ಪೇದೆ ಓಣಿಯಲ್ಲಿ, ಬಾಗಿಲಿಗೆ ಕಿವಿ ಕೊಟ್ಟು ನಿಂತಳು. ದಬ್. ದಬ್. ದಬ್. ಗೋಡೆಯ ಮೂಲಕ, ಬೆಂಚಿನ ಮೂಲಕ, ಹಲ್ಲಿನ ಬುಡಕ್ಕೆ ಬಡಿಯುತ್ತಿತ್ತು. ಮೇಲಿನಿಂದ ಯಾರೂ ಬರಲಿಲ್ಲ. ಖಾಲಿ ಗೋದಾಮಿನಲ್ಲಿ ಮೇಜು ಕುರ್ಚಿಗಳಿಗೆ ಕೇಳಿಸಿರಬೇಕು.

ಗ್ಯಾರೇಜು ದಣಿದು ನಿಲ್ಲಿಸಿದ. ಓಣಿ ಮೌನವಾಯಿತು.

ಪೇದೆ ಬಾಗಿಲಿನಿಂದ ಕಿವಿ ತೆಗೆದಳು. ಈ ಮೌನವನ್ನು ಇವತ್ತೇ ಇನ್ನೊಮ್ಮೆ ಕೇಳಿದ್ದಳು!

ಗ್ಯಾರೇಜಿನ ಸರದಿಯಲ್ಲಿ. ಬೆಂಚಿನಲ್ಲಿ ಅವಳು, ಪಕ್ಕದಲ್ಲಿ ಮೇಷ್ಟ್ರು. ಹಾಲಿನ ಹಾಡು ಓಣಿಗೆ ಕೇಳಿಸುತ್ತಿರಲಿಲ್ಲ, ಬರೀ ದಬ್ ದಬ್. ನಡುವೆ ಅದು ನಿಂತುಹೋಗಿತ್ತು. ಎರಡು ನಿಮಿಷವಾದರೂ ಇರಬೇಕು. ಪಾಪ, ಮರೆತ ಅಂದುಕೊಂಡಿದ್ದಳು. ಆಮೇಲೆ, ಆ ಮೌನದ ನಡುವೆ, ಒಂದೇ ಒಂದು ಏಟು. ದಬ್. ಯಾವ ತಾಳಕ್ಕೂ ಸೇರದ್ದು. ಮೇಷ್ಟ್ರು ತಲೆ ಕೊಡವಿ, "ಹುಡುಗ ಕೆಟ್ಟ," ಅಂದಿದ್ದರು. ಅದಾದ ಮೇಲೆಯೇ ಅವರು ಶೌಚಾಲಯಕ್ಕೆ ಎದ್ದದ್ದು.

ಅವಳು ಹಾಲಿಗೆ ಓಡಿ ಗ್ಯಾರೇಜಿನ ಕಿವಿಯಲ್ಲಿ ಕೇಳಿದಳು, "ನಿನ್ನ ಹಾಡಿನ ನಡುವೆ ದೊಡ್ಡ ಡ್ರಮ್ಮಿನ ಕಾಲು ಪೆಡಲ್ ನಿಲ್ಲಿಸಿದ್ಯಲ್ಲ, ಯಾಕೆ?"

ಗ್ಯಾರೇಜಿನ ಕಣ್ಣರಳಿತು. "ಪೆಡಲಿನ ತಿರುಪು ಕಳಚಿತು ಮೇಡಂ. ಒಂದು ಕೈಯಲ್ಲಿ ಸಿಂಬಲ್ ತಟ್ಟೆ ಬಾರಿಸ್ತಾ ಇದ್ದೆ, ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಿಗಿ ಮಾಡಿದೆ. ತಾಳ ಬಿಡ್ಲಿಲ್ಲ."

"ಆ ನಡುವೆ ಒಂದೇ ಒಂದು ಸಲ ಪೆಡಲ್ ಒತ್ತಿದ್ಯಾ?"

"ಒತ್ತೋಕೆ ಪೆಡಲೇ ಇರಲಿಲ್ವಲ್ಲ ಮೇಡಂ, ಕೈಯಲ್ಲಿತ್ತು!"

ಹಾಗಾದರೆ ಆ ದಬ್ ಡ್ರಮ್ಮಿನದಲ್ಲ. ಆಳೆತ್ತರದ ಸ್ಪೀಕರು ಯಜಮಾನನ ಸಮೇತ ನೆಲಕ್ಕೆ ಬಿದ್ದ ದಬ್. ವಿರಾಮದಲ್ಲಲ್ಲ, ಹಾಡಿನ ನಡುವೆಯೇ!

"ಈ ಪೆಡಲಿನ ವಿಷಯ ಬಾಯಿ ಬಿಟ್ರೆ ಹುಷಾರ್," ಅಂದಳು. "ಬಾ."

*

ಎಲ್ಲರನ್ನೂ ಯಜಮಾನನ ಕೋಣೆಯಲ್ಲಿ ಸೇರಿಸಿದಳು. ಯಜಮಾನನ ಗಂಟಲಲ್ಲಿ ಗೊರಗೊರ ಶುರುವಾಗಿತ್ತು. ಅತ್ತಿಗೆ ತಲೆ ಎತ್ತಲಿಲ್ಲ.

"ಒಂದೇ ಪ್ರಶ್ನೆ. ಎರಡನೇ ನಂಬರು ನುಡಿಸುವಾಗ ಯಾರ್ಯಾರು ಎಲ್ಲಿದ್ರಿ? ಮಾಮ?"

"ನಾನು ಮಿಕ್ಸರ್ ಮುಂದೆ. ಅತ್ತಿಗೆ ನನ್ನ ಪಕ್ಕ. ಹಾಡು ಮುಗಿಯೋವರೆಗೂ ಇಬ್ರೂ ಅಲ್ಲಾಡಿಲ್ಲ."

"ಮೇಷ್ಟ್ರು ನನ್ನ ಪಕ್ಕ ಇದ್ರು. ಬಾಮೈದ ಅವ್ರೇ, ನೀವು?"

"ನಾನಾ? ವೇದಿಕೆ ಹಿಂದೆ. ಪೆಟ್ಟಿಗೆಗಳ ಹತ್ರ ನಿಂತು ಕೇಳ್ತಾ ಇದ್ದೆ."

"ನಿನ್ನ ಬೆನ್ನ ಹಿಂದೇನಾ?" ಪೇದೆ ಗ್ಯಾರೇಜನ್ನು ಕೇಳಿದಳು.

"ಹಿಂದೆ ತಿರುಗಿ ನೋಡ್ಲಿಲ್ಲ ಮೇಡಂ."

ವೇದಿಕೆಯ ಹಿಂಭಾಗಕ್ಕೂ ಯಜಮಾನನ ಕೋಣೆಗೂ ನಡುವೆ ಒಂದು ಸಣ್ಣ ಬಾಗಿಲಿತ್ತು. ವೈರುಗಳನ್ನು ಎಳೆಯಲು ಮಾಡಿದ್ದು. ಪೇದೆ ಅದರ ಕಡೆ ನೋಡಲಿಲ್ಲ.

"ಇಷ್ಟು ವರ್ಷ ನುಡಿಸಿದೋರು ನೀವು. ಇವನು ಹೇಗೆ ನುಡಿಸಿದ? ಕಟ್ಟಳೆ ಪಕ್ಕಕ್ಕಿಡಿ, ಹೇಳಿ."

ಬಾಮೈದ ಸ್ವಲ್ಪ ಹುರುಪಿನಿಂದಲೇ ಅಂದ: "ಚೆನ್ನಾಗಿ ನುಡಿಸಿದ. ಅದರಲ್ಲೂ ಕಾಲು. ಮೊದಲಿಂದ ಕೊನೇವರೆಗೆ ಒಂದು ಏಟೂ ತಪ್ಪಲಿಲ್ಲ. ನಾನು ಯಾವಾಗ್ಲೂ ಚಪ್ಪಲಿ ಬಿಟ್ಟು ಹಲಗೆ ಮೇಲೆ ನಿಂತೇ ಕೇಳೋದು. ಅಂಗಾಲಿಗೆ ಬಡೀಬೇಕು, ಆಗಲೇ ಗೊತ್ತಾಗೋದು ಡ್ರಮ್ಮರ್ ಎಂಥವನು ಅಂತ."

ಸೌಂಡ್ ಮಾಮ ಕನ್ನಡಕ ತೆಗೆದ. ಗ್ಯಾರೇಜು ಬಾಯಿ ತೆರೆದವನು ಪೇದೆಯ ಕಣ್ಣು ನೋಡಿ ಮುಚ್ಚಿಕೊಂಡ.

"ಮಾಮ, ನೀವು ಹೇಳಿ. ಒಂದು ಏಟೂ ತಪ್ಪಲಿಲ್ವಾ?"

"ಏನು ಹೇಳ್ಲಿ..." ಮಾಮನ ದನಿ ಇಳಿದಿತ್ತು. "ನಡುವೆ ಎರಡು ನಿಮಿಷ ದೊಡ್ಡ ಡ್ರಮ್ಮೇ ಇರಲಿಲ್ಲ. ಬರೀ ತಟ್ಟೆ."

ಬಾಮೈದನ ಮುಖದ ನಗು ಅಲ್ಲೇ ಅಂಟಿಕೊಂಡಿತು. ಅವನು ಅಕ್ಕನನ್ನು ನೋಡಿದ, ಆಮೇಲೆ ನೆಲವನ್ನು.

"ಅದು... ನನ್ನ ಕಿವಿ ಸರಿ ಇಲ್ಲ. ಒಂದು ವರ್ಷ ಆಯ್ತು. ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಕೇಳಿಸಿರಲಿಕ್ಕಿಲ್ಲ."

"ನಂಬ್ತೀನಿ," ಅಂದಳು ಪೇದೆ. "ಆದ್ರೆ ಕಿವಿ ಕೆಟ್ಟೋರಿಗೆ ಮೊದಲು ಹೋಗೋದು ತಟ್ಟೆಯ ಕಿಣಿಕಿಣಿ. ದೊಡ್ಡ ಡ್ರಮ್ಮಿಗೆ ಕಿವಿ ಬೇಡ, ಅಂಗಾಲು ಸಾಕು. ಈಗಷ್ಟೇ ನೀವೇ ಹೇಳಿದ್ರಿ. ಗೋಡೆ ಆಚೆ ಬೆಂಚಿನ ಮೇಲೆ ಕೂತ ನಂಗೇ ಗೊತ್ತಾಯ್ತು. ಹಲಗೆ ಮೇಲೆ ಬರಿಗಾಲಲ್ಲಿ ನಿಂತಿದ್ದ ನಿಮಗೆ ಎಲ್ಲರಿಗಿಂತ ಮೊದಲು ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ ಅಂದ್ರೆ ನೀವು ಆ ಹಲಗೆ ಮೇಲೆ ಇರಲೇ ಇಲ್ಲ. ಈ ಕೋಣೆಯಲ್ಲಿದ್ರಿ. ಇಲ್ಲಿ ಕಾಲಡಿ ದಪ್ಪ ಜಮಖಾನೆ."

ಬಾಮೈದ ಗೋಡೆಗೆ ಒರಗಿ ಜಾರಿ ಕೂತ. ದೊಡ್ಡ ಗಂಡಸು, ಮಕ್ಕಳ ಹಾಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಕೊಲ್ಲಬೇಕು ಅಂತ ಅಲ್ಲ. ಗ್ಯಾರೇಜಿನವನ ಕಾಲಿನ ಏಟು ಕೇಳಿ ಗೊತ್ತಾಯ್ತು, ನನ್ನ ಕಥೆ ಮುಗೀತು ಅಂತ. ಬಂದು ಭಾವನ ಹತ್ರ ಬೇಡ್ಕೊಂಡೆ. ಇನ್ನೊಂದು ವರ್ಷ ನುಡಿಸ್ತೀನಿ ಅಂತ. ಭಾವ ಹೆಡ್‌ಫೋನ್ ಅರ್ಧ ತೆಗೆದು, ಕಿವುಡನ ಹಿಂದೆ ಯಾರಪ್ಪಾ ಹಾಡ್ತಾರೆ, ಸುಮ್ನೆ ಹೋಗಿ ಚೀಟಿ ಹಂಚು ಅಂದ್ರು. ನಾನು ದೂಡಿದೆ. ಎರಡೂ ಕೈಯಲ್ಲಿ ದೂಡಿದೆ."

"ಬೀಗದ ಕೈ?"

"ಓಡಿಹೋಗೋಣ ಅಂತ ತಗೊಂಡೆ. ಓಣಿಗೆ ಬಂದು ಇಣುಕಿದ್ರೆ ಬಾಗಿಲ ಎದುರೇ ನೀವೂ ಮೇಷ್ಟ್ರೂ ಕೂತಿದ್ರಿ."

"ಈಗ ಎಲ್ಲಿದೆ?"

ಪೇದೆ ಅವನ ಉತ್ತರಕ್ಕೆ ಕಾಯಲಿಲ್ಲ. ಮಂಡಿಯೂರಿ ಅತ್ತಿಗೆಯ ಎದುರು ಕೂತಳು.

"ಅತ್ತಿಗೆ, ಚೀಲದಲ್ಲಿ ಕರವಸ್ತ್ರ ಇಟ್ಕೊಂಡು ಮೈಮೇಲಿನ ಶಾಲು ಯಾರಾದ್ರೂ ಹರೀತಾರಾ? ಕೊಡಿ."

ಅತ್ತಿಗೆ ಒಂದು ಕೈಯಲ್ಲಿ ಗಂಡನ ತಲೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಜಿಪ್ಪು ಎಳೆದಳು. ಒಳಗೆ ಉದ್ದನೆಯ ಹಿತ್ತಾಳೆ ಬೀಗದ ಕೈ.

ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಬಾಮೈದ.

"ಅಕ್ಕಾ! ನಿಂಗೆ ಗೊತ್ತಿತ್ತಾ?"

"ನೀನು ಕಿರುಚೋ ಮಗು ಆಗಿದ್ದಾಗಿಂದ ನಿನ್ನ ಸಾಮಾನೆಲ್ಲ ನನ್ನ ಚೀಲದಲ್ಲೇ ತುರುಕ್ತೀಯ," ಅಂದಳು ಅತ್ತಿಗೆ. "ನೀನೇ ಹೇಳ್ತೀಯ ಅಂತ ಕಾದೆ ಕಣೋ. ಈಗ ಹೇಳ್ತೀಯ, ಇನ್ನೊಂದು ನಿಮಿಷಕ್ಕೆ ಹೇಳ್ತೀಯ ಅಂತ. ನೀನು ಹೇಳಲೇ ಇಲ್ವಲ್ಲೋ."

ಪೇದೆ ಬೀಗದ ಕೈ ಕಿತ್ತುಕೊಂಡು ಗ್ಯಾರೇಜಿನ ಕಡೆ ಎಸೆದಳು. ಗ್ಯಾರೇಜು ಓಡಿದ. ಎರಡು ಗಂಟೆ ನಲವತ್ತೆರಡು ನಿಮಿಷಕ್ಕೆ ಕಬ್ಬಿಣದ ಬಾಗಿಲು ತೆರೆಯಿತು. ಮೆಟ್ಟಿಲಿನಿಂದ ಬಿಸಿ ಗಾಳಿ ಒಳಗೆ ನುಗ್ಗಿತು.

*

"ಅಂದ್ರೆ ನಿಮ್ಮ ಅಮ್ಮ ಚೆನ್ನಾಗಿದ್ದಾರೆ," ಅಂದರು ಸಾಹೇಬರು.

ರಾತ್ರಿ ಹನ್ನೊಂದು ಗಂಟೆ. ಠಾಣೆಯಲ್ಲಿ ಪೇದೆ ಅಟೆನ್ಷನ್ ಆಗಿ ನಿಂತಿದ್ದಳು, ಡ್ರಮ್ ಕೋಲುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು. ಪಕ್ಕದ ಕೋಣೆಯಲ್ಲಿ ಬಾಮೈದ ಕೂತಿದ್ದ. ಕೊಟ್ಟ ನೀರನ್ನೂ ಮುಟ್ಟಿರಲಿಲ್ಲ.

"ಚೆನ್ನಾಗಿದ್ದಾರೆ ಸಾರ್."

"ಅವನ ಮೇಲೆ ಅನುಮಾನ ಮೊದಲೇ ಇತ್ತಾ?"

"ಇಲ್ಲ ಸಾರ್. ಮೇಷ್ಟ್ರ ಮೇಲಿತ್ತು. ಹೊತ್ತು ಯಾವುದು ಅಂತ ಗೊತ್ತಾಗೋವರೆಗೆ ಎಲ್ಲರ ಮೇಲೂ ಇತ್ತು. ಆ ಒಂದು ದಬ್ ಹೊತ್ತು ಹೇಳಿತು. ಆ ಹೊತ್ತಿಗೆ ಇನ್ನೆಲ್ಲರಿಗೂ ಸಾಕ್ಷಿ ಇತ್ತು, ಅವರೊಬ್ಬರಿಗೆ ಇರಲಿಲ್ಲ. ಸಾಕ್ಷಿ ಇಲ್ಲ ಅಂದಮಾತ್ರಕ್ಕೆ ಕಳ್ಳ ಅನ್ನೋಕಾಗಲ್ಲ. ಹೆಗಲು ಅವರೇ ಮುಟ್ಟಿ ನೋಡ್ಕೋಬೇಕಿತ್ತು. ನೋಡ್ಕೊಂಡ್ರು. ಯಾರು ಹೇಗೆ ನುಡಿಸಿದ್ರು ಅಂತ ಮಾತಾಡಬಾರದು ಅನ್ನೋ ಕಟ್ಟಳೆ ಇರದೆ ಇದ್ದಿದ್ರೆ, ಪೆಡಲ್ ಕಳಚಿದ್ದು ವಿರಾಮದಲ್ಲೇ ಅವರ ಕಿವಿಗೆ ಬಿದ್ದಿರೋದು."

"ಹ್ಞೂಂ." ಸಾಹೇಬರು ಕಾಗದ ಅವಳ ಕಡೆ ತಳ್ಳಿದರು. "ಹೇಳಿಕೆ ಬರಿ. ಬೀಗದ ಕೈ ಎಲ್ಲಿ ಸಿಕ್ತು ಅನ್ನೋ ಕಡೆ ಜಾಗ ಬಿಟ್ಟಿದ್ದೀಯ."

ಹೌದು, ಬಿಟ್ಟಿದ್ದಳು. ತಮ್ಮ ಚೀಲದಲ್ಲಿ ಹಾಕಿದ್ದ, ಅಕ್ಕನಿಗೆ ಗೊತ್ತಿರಲಿಲ್ಲ ಅಂತ ಬರೆದರೆ ಯಾರ ಗಂಟು ಹೋಗುತ್ತದೆ? ಅತ್ತಿಗೆಯ ಮಾತು ಕೇಳಿದವರು ನಾಲ್ಕು ಜನ. ಸೌಂಡ್ ಮಾಮ ಮೆಟ್ಟಿಲ ಮೇಲೆ ಕೈ ಹಿಡಿದು, "ಅತ್ತಿಗೆದೊಂದು ಹೊಟ್ಟೇಲಿ ಹಾಕ್ಕೊಳ್ಳಮ್ಮ," ಅಂದಿದ್ದ. ನಿಜ ಬರೆದರೆ ಆ ಹೆಂಗಸಿನ ಬಾಳು ಹೋಯಿತು. ಬರೆಯದಿದ್ದರೆ ಇವತ್ತಿಗೆ ಇವಳದು ಮೂರನೇ ಸುಳ್ಳು. ಪೆನ್ನು ಹಿಡಿದು ಅರ್ಧ ಗಂಟೆ ಕೂತಿದ್ದಳು. ಹೊರಗೆ ಬಂದರೂ ಆ ಬಾಗಿಲು ತನ್ನ ಹಿಂದೆ ಮುಚ್ಚಿಕೊಂಡೇ ಇದೆ ಅನ್ನಿಸುತ್ತಿತ್ತು.

"ಒಳಗೆ ಬರಬಹುದಾ?"

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಹರಿದ ಶಾಲು ಹಾಗೇ ಇತ್ತು, ಒಣಗಿದ ರಕ್ತ ಸಮೇತ.

"ಯಜಮಾನ್ರು?"

"ಆಪರೇಷನ್ ಆಯ್ತು. ಬದುಕ್ತಾರೆ ಅಂದ್ರು ಡಾಕ್ಟ್ರು. ಇನ್ನೊಂದು ಹತ್ತು ನಿಮಿಷ ತಡವಾಗಿದ್ರೆ ಆಗ್ತಿರಲಿಲ್ಲವಂತೆ." ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಎಚ್ಚರ ಆಯ್ತು. ತಮ್ಮನ ವಿಷಯ ಕೇಳಲೇ ಇಲ್ಲ. ಯಾರು ದೂಡಿದ್ದು ಅಂತ ಅವರಿಗೆ ಗೊತ್ತೇ ಇದೆಯಲ್ಲ. ನನ್ನ ಕೈ ಹಿಡ್ಕೊಂಡು ಒಂದೇ ಕೇಳಿದ್ದು. ಆಗಾಗ ಅರೆಎಚ್ಚರ ಆಗ್ತಿತ್ತಂತೆ, ನೀವೆಲ್ಲ ಬಾಗಿಲು ಬಾಗಿಲು ಅಂತ ಕೂಗೋದು ಕೇಳ್ತಿತ್ತಂತೆ. ಬಾಗಿಲು ತೆಗೆಯೋಕೆ ಯಾಕೆ ಅಷ್ಟು ಹೊತ್ತಾಯ್ತು ಅಂತ ಕೇಳಿದ್ರು."

ಠಾಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಸಾಹೇಬರು ಅತ್ತಿಗೆಗೆ ಕುರ್ಚಿ ತೋರಿಸಿದರು.

"ನೀವೇನು ಹೇಳಿದ್ರಿ?" ಅಂದಳು ಪೇದೆ.

"ನೀರು ತರ್ತೀನಿ ಅಂತ ಹೇಳಿ ಇಲ್ಲಿಗೆ ಬಂದೆ." ಅತ್ತಿಗೆ ಕುರ್ಚಿ ಎಳೆದು ಕೂತಳು. ಮೇಜಿನ ಮೇಲಿದ್ದ ಕಾಗದವನ್ನೂ ಅದರಲ್ಲಿ ಬಿಟ್ಟಿದ್ದ ಜಾಗವನ್ನೂ ನೋಡಿದಳು. "ಬರ್ಕೊಳ್ಳಿ ಮೇಡಂ. ಬೀಗದ ಕೈ ನನ್ನ ಹತ್ರ ಇಪ್ಪತ್ತೈದು ನಿಮಿಷ ಇತ್ತು, ಗೊತ್ತಿದ್ದೂ ಇಟ್ಕೊಂಡಿದ್ದೆ ಅಂತ ಬರ್ಕೊಳ್ಳಿ. ಸರ್ಕಾರದ ಕಾಗದದಲ್ಲಿ ಬಿದ್ದುಬಿಟ್ರೆ ವಾಪಸ್ ಹೋಗಿ ಅವರ ಮುಂದೆ ಬೇರೆ ಏನೂ ಹೇಳೋಕಾಗಲ್ಲ. ಬೇಗ ಬರೀರಿ. ಅವರು ನೀರಿಗೆ ಕಾಯ್ತಿದ್ದಾರೆ."

ಪೇದೆ ಪೆನ್ನಿನ ಮುಚ್ಚಳ ತೆಗೆದಳು.